ಸಿಗಂದೂರು ಸೇತುವೆ ದಾಟಿ ಕಡಲಿಗೆ ಹೋಗುವವರ ಪರವಾಗಿ ಒಂದು ಬಹಿರಂಗ ಪತ್ರ

ರಾಜ್ಯ ಪ್ರವಾಸೋದ್ಯಮ ಇಲಾಖೆಯ ಹಿರಿಯ ಅಧಿಕಾರಿಗಳಿಗೆ, ಶಿವಮೊಗ್ಗ ಮತ್ತು ಉಡುಪಿ ಜಿಲ್ಲೆಗಳ ಜಿಲ್ಲಾಧಿಕಾರಿಗಳಿಗೆ,

ಸಾಗರ ತಾಲ್ಲೂಕಿನ ಶಾಲಾ ಶಿಕ್ಷಕಿಯೊಬ್ಬಳ ನಮಸ್ಕಾರಗಳು.

2025ರ ಜುಲೈ 14ರಂದು, ಸಿಗಂದೂರು ಸೇತುವೆ ಎಂದೇ ಜನ ಕರೆಯುವ ಅಂಬಾರಗೋಡ್ಲು–ಕಳಸವಳ್ಳಿ ಸೇತುವೆ ಸಂಚಾರಕ್ಕೆ ತೆರೆದುಕೊಂಡಿತು. 1964ರಲ್ಲಿ ಲಿಂಗನಮಕ್ಕಿ ಅಣೆಕಟ್ಟು ಮುಗಿದಂದಿನಿಂದ ಶರಾವತಿ ಹಿನ್ನೀರಿನ ಆಚೆ ದಡದಲ್ಲಿ ಉಳಿದುಹೋದ ಕರೂರು–ಬಾರಂಗಿ ಹೋಬಳಿಗಳ ಜನರಿಗೆ ಅದು ಎಂದೋ ಸಲ್ಲಬೇಕಾಗಿದ್ದ ಹಕ್ಕು. ಹೆರಿಗೆ ನೋವಿನ ಹೆಂಗಸನ್ನು ಕೂರಿಸಿಕೊಂಡು ಲಾಂಚ್‌ಗಾಗಿ ಕಾದ ಮನೆಗಳು ಆ ದಡದಲ್ಲಿವೆ. ಹಿನ್ನೀರು ತೀರಾ ಇಳಿದ ಬೇಸಿಗೆಯಲ್ಲಿ ಲಾಂಚ್‌ಗೆ ವಾಹನ ಹತ್ತಿಸುವುದನ್ನೇ ನಿಲ್ಲಿಸುತ್ತಿದ್ದರು. 2.44 ಕಿಲೋಮೀಟರ್ ಉದ್ದದ ಆ ಸೇತುವೆಯ ಬಗ್ಗೆ ನನ್ನದು ಎರಡು ಮಾತಿಲ್ಲ.

ಆದರೆ ಅದೇ ಸೇತುವೆ ಇನ್ನೊಂದು ದಾರಿಯನ್ನೂ ತೆರೆದಿದೆ. ಸಿಗಂದೂರು, ತುಮರಿ ದಾಟಿ, ನಾಗೋಡಿ ಘಾಟಿ ಇಳಿದರೆ ಕೊಲ್ಲೂರು. ಅಲ್ಲಿಂದ ಮುಂದೆ ಬೈಂದೂರು, ಅದರಾಚೆ ಕಡಲು. ಸಾಗರದವರಾದ ನಾವು ಹಿಂದೆ ಕಡಲು ನೋಡಬೇಕೆಂದರೆ ಜೋಗದ ಮೇಲೆ ಹೋಗಿ ಗೇರುಸೊಪ್ಪೆಯ ತಿರುವುಗಳನ್ನು ಇಳಿದು ಹೊನ್ನಾವರ ಸೇರುತ್ತಿದ್ದೆವು. ತೀರ್ಥಹಳ್ಳಿಯವರಿಗೆ ಆಗುಂಬೆ, ಹೊಸನಗರದವರಿಗೆ ಹುಲಿಕಲ್. ಈಗ ನಮ್ಮ ಅಂಗಳದಿಂದಲೇ ಒಂದು ದಾರಿ ನೇರವಾಗಿ ಬೈಂದೂರಿಗೆ ಇಳಿಯುತ್ತದೆ. ದೇವಸ್ಥಾನಕ್ಕೆಂದು ಹೊರಟವರು ಸಿಗಂದೂರು, ಕೊಲ್ಲೂರು ಮುಗಿಸಿ ಸಂಜೆ ಕಡಲಿಗೆ ಹೋಗಿ ಬರುತ್ತಿದ್ದಾರೆ. ಶಿವಮೊಗ್ಗದವರೂ ಬರುತ್ತಿದ್ದಾರೆ, ಭದ್ರಾವತಿಯವರೂ ಬರುತ್ತಿದ್ದಾರೆ. ವಾರಾಂತ್ಯದಲ್ಲಿ ಬೆಂಗಳೂರಿನ ವಾಹನಗಳಿಗೆ ಕೊನೆಯೇ ಇಲ್ಲ. ಆ ಕಡಲಂಚಿಗೆ ಏನಾಗಬೇಕು, ಏನಾಗಬಾರದು ಎಂಬುದನ್ನು ಈಗಲೇ ಕುಳಿತು ತೀರ್ಮಾನಿಸಿ ಎಂದು ಕೇಳಿಕೊಳ್ಳಲು ಈ ಪತ್ರ.

ನಾನು ಹೇಳುತ್ತಿರುವುದು ಮರವಂತೆಯಿಂದ ಉತ್ತರಕ್ಕೆ ಶಿರೂರಿನವರೆಗಿನ ಸುಮಾರು 25 ಕಿಲೋಮೀಟರ್ ದಂಡೆಯ ಬಗ್ಗೆ. (ಈ ಶಿರೂರು ಬೈಂದೂರು ತಾಲ್ಲೂಕಿನದು. 2024ರ ಜುಲೈಯಲ್ಲಿ ಗುಡ್ಡ ಕುಸಿದ ಶಿರೂರು ಅಂಕೋಲಾ ತಾಲ್ಲೂಕಿನಲ್ಲಿದೆ.) ಮರವಂತೆಯಲ್ಲಿ ಹೆದ್ದಾರಿಯ ಒಂದು ಬದಿಗೆ ಕಡಲು, ಇನ್ನೊಂದು ಬದಿಗೆ ಸೌಪರ್ಣಿಕಾ ನದಿ ಇರುವುದರಿಂದ ಎಲ್ಲರೂ ಅಲ್ಲೇ ಬಂಡಿ ನಿಲ್ಲಿಸುತ್ತಾರೆ. ಉತ್ತರದಲ್ಲಿ ಮುರ್ಡೇಶ್ವರ ಜನರನ್ನು ಸೆಳೆದುಕೊಳ್ಳುತ್ತದೆ. ಇವೆರಡರ ನಡುವೆ ನಾವುಂದ, ಕಿರಿಮಂಜೇಶ್ವರ, ಉಪ್ಪುಂದ, ಪಡುವರಿ, ಒತ್ತಿನೆಣೆ ಎಂದು ಊರುಗಳು ಸಾಗುತ್ತವೆ. ಹೆದ್ದಾರಿ ಇಲ್ಲಿ ಒಳಕ್ಕೆ ಸರಿದಿದೆ. ತೆಂಗಿನ ತೋಟ, ಗದ್ದೆ, ಮನೆಗಳ ನಡುವಿನ ಕಿರುದಾರಿಗಳಲ್ಲಿ ಹೋದರೆ ಗಾಳಿಮರದ ಸಾಲು ಸಿಗುತ್ತದೆ, ಅದರಾಚೆ ಮರಳು. ಪಡುವರಿಯ ಸೋಮೇಶ್ವರ ದಂಡೆಯನ್ನೂ ಒತ್ತಿನೆಣೆಯ ಸೂರ್ಯಾಸ್ತವನ್ನೂ ಒಂದಷ್ಟು ಜನ ಬಲ್ಲರು. ಉಳಿದ ದಂಡೆಗಳಲ್ಲಿ ವಾರದ ದಿನ ನೀವು ಹೋದರೆ ಊರಿನವರ ಹೊರತು ಯಾರೂ ಇರುವುದಿಲ್ಲ. ನಮ್ಮ ಮನೆಯವರು ಹೋಗುವ ದಂಡೆಯ ಹೆಸರನ್ನು ಬೇಕೆಂದೇ ಇಲ್ಲಿ ಬರೆಯುತ್ತಿಲ್ಲ.

ಮಲೆನಾಡಿನ ಕುಟುಂಬವೊಂದು ಕಡಲಿಗೆ ಹೋಗುವುದೆಂದರೆ ಏನು ಎಂಬುದು ಯೋಜನೆ ಬರೆಯುವವರಿಗೆ ಗೊತ್ತಿರಬೇಕು. ಅಡಿಕೆಯ ಕೊನೆಕೊಯ್ಲು, ಅಂದರೆ ಗೊನೆ ಇಳಿಸುವ ಕೆಲಸ, ಶುರುವಾದರೆ ಮನೆಯ ಯಾರಿಗೂ ಪುರುಸೊತ್ತಿಲ್ಲ. ಹಗಲು ಕೊಯ್ಲು, ರಾತ್ರಿ ಸುಲಿತ, ಬೇಯಿಸುವುದು, ಒಣಗಿಸುವುದು. ಬೆರಳುಗಳ ಕಪ್ಪು ಕಲೆ ವಾರಗಟ್ಟಲೆ ಹೋಗುವುದಿಲ್ಲ. ಎಲ್ಲ ಮುಗಿದು ಮೂಟೆ ಮಂಡಿಗೆ ಹೋದ ಮೇಲೆ ಯಾರೋ ಒಬ್ಬರು "ಒಂದು ದಿನ ಸಮುದ್ರಕ್ಕೆ ಹೋಗಿ ಬರೋಣ" ಎನ್ನುತ್ತಾರೆ. ಬೆಳಗಿನ ಜಾವವೇ ಚಿತ್ರಾನ್ನ, ಮೊಸರನ್ನ ಕಟ್ಟಿ, ನೀರಿನ ಕ್ಯಾನು, ಚಾಪೆ, ಮಕ್ಕಳ ಬಟ್ಟೆ ತುಂಬಿಕೊಂಡು ಹೊರಡುತ್ತೇವೆ. ಅಲ್ಲಿ ನಾವು ಮಾಡುವುದಾದರೂ ಏನು? ಅತ್ತೆಯವರು ಸೀರೆಯ ನಿರಿಗೆ ಎತ್ತಿ ಹಿಡಿದು ನೀರಿನಂಚಿನಲ್ಲಿ ಗಂಟೆಗಟ್ಟಲೆ ನಿಲ್ಲುತ್ತಾರೆ. ಮಕ್ಕಳು ಮರಳು ತೋಡುತ್ತಾರೆ. ಮೈದುನ ದಡಕ್ಕೆಳೆದ ದೋಣಿಯ ನೆರಳಿನಲ್ಲಿ ಮಲಗಿ ನಿದ್ದೆ ಹೊಡೆಯುತ್ತಾನೆ. ನಾನು ಸುಮ್ಮನೆ ಕೂರುತ್ತೇನೆ. ಯಾರೂ ಏನನ್ನೂ ಮಾರಲು ಬರುವುದಿಲ್ಲ, ಧ್ವನಿವರ್ಧಕವಿಲ್ಲ, ಸ್ಕೂಟರಿನ ಹಾಗೆ ನೀರು ಸೀಳುವ ಯಂತ್ರಗಳಿಲ್ಲ. ವರ್ಷವಿಡೀ ಒಲೆ, ಕೊಟ್ಟಿಗೆ, ತೋಟ ಎಂದು ತಿರುಗುವ ಹೆಂಗಸಿಗೆ ಆ ಬಿಡುವು ಇನ್ನೆಲ್ಲೂ ಸಿಗುವುದಿಲ್ಲ. ಎಲೆಚುಕ್ಕಿ ರೋಗದಿಂದ ತೋಟ ಸೊರಗಿದ ಮನೆಗಳಿಗೆ ರೆಸಾರ್ಟಿನ ಮಾತೇ ದೂರ. ಬುತ್ತಿ ಕಟ್ಟಿಕೊಂಡು ಹೋಗಿ ಬರುವ ಈ ಒಂದು ದಿನವೇ ಅವರ ಪಾಲಿನ ಪ್ರವಾಸ.

ಬೆಳಿಗ್ಗೆ ಬೇಗ ತಲುಪಿದರೆ ಕೈರಂಪಣಿ ಬಲೆ ಎಳೆಯುವುದನ್ನು ನೋಡಬಹುದು. ಬಲೆಯ ಒಂದು ಹಗ್ಗದ ತುದಿಯನ್ನು ದಡದಲ್ಲಿ ಬಿಟ್ಟು ಸಣ್ಣ ದೋಣಿ ಕಡಲಿಗೆ ಇಳಿಯುತ್ತದೆ. ಅರ್ಧ ಸುತ್ತು ಬಲೆ ಹರಡುತ್ತಾ ಹೋಗಿ, ಇನ್ನೊಂದು ತುದಿಯನ್ನು ದೂರದಲ್ಲಿ ಮತ್ತೆ ದಡಕ್ಕೆ ತಂದುಕೊಡುತ್ತದೆ. ಎರಡೂ ಕಡೆ ಸಾಲಾಗಿ ನಿಂತವರು ಹಿಮ್ಮುಖವಾಗಿ ಹೆಜ್ಜೆಯಿಡುತ್ತಾ ಎಳೆಯತೊಡಗುತ್ತಾರೆ. ಸಾಲಿನ ಕೊನೆಯವನು ಹಗ್ಗವನ್ನು ಸುತ್ತಿಟ್ಟು ನೀರಿನ ಬಳಿಗೆ ಓಡಿ ಮತ್ತೆ ಮುಂದಿನಿಂದ ಹಿಡಿಯುತ್ತಾನೆ. ಎಳೆದಂತೆಲ್ಲ ಎರಡು ಸಾಲುಗಳು ಹತ್ತಿರ ಬರುತ್ತವೆ. ಕೊನೆಗೆ ಬಲೆಯ ಚೀಲ ಮರಳಿಗೆ ತಾಕಿದಾಗ ಬೈಗೆ, ಬಂಗುಡೆ, ಸಿಗಡಿ ಎಲ್ಲ ಒಟ್ಟಿಗೆ ಮಿರಿಮಿರಿ ಮಿಂಚುತ್ತವೆ. ಕೆಲವು ದಿನ ಅಷ್ಟು ಜನರ ಶ್ರಮಕ್ಕೆ ಒಂದೆರಡು ಬುಟ್ಟಿಯೂ ತುಂಬುವುದಿಲ್ಲ. ನನ್ನ ಮಗ ಹಗ್ಗಕ್ಕೆ ಕೈ ಹಾಕಿದಾಗ ಹಿರಿಯರೊಬ್ಬರು "ಮಾಣಿ, ಹಗ್ಗದ ಈಚೆ ನಿಲ್ಲು" ಎಂದು ತೋಳು ಹಿಡಿದು ಜಾಗ ಬದಲಿಸಿ ನಿಲ್ಲಿಸಿಕೊಂಡರು. ಮೀನು ತಿನ್ನದ ಮನೆಯ ಹುಡುಗ ಅವನು. ಅಂದಿನಿಂದ ಕಡಲೆಂದರೆ ಅವನಿಗೆ ಆ ಹಗ್ಗದ್ದೇ ನೆನಪು.

ಇದನ್ನು ವಿವರವಾಗಿ ಬರೆದದ್ದಕ್ಕೆ ಕಾರಣವಿದೆ. ಆ ದಂಡೆ ಖಾಲಿ ಜಾಗವಲ್ಲ. ಬಲೆ ಎಳೆಯಲು, ದೋಣಿ ಏರಿಸಲು, ಮೀನು ಒಣಗಿಸಲು ಖಾರ್ವಿ ಮತ್ತು ಮೊಗವೀರ ಕುಟುಂಬಗಳಿಗೆ ಅದು ಬೇಕು. ಜೂನ್, ಜುಲೈಯಲ್ಲಿ ಯಾಂತ್ರಿಕ ದೋಣಿಗಳಿಗೆ ನಿಷೇಧವಿರುವಾಗ ನಾಡದೋಣಿಗಳು ಅಲ್ಲಿಂದಲೇ ಹೊರಡುತ್ತವೆ. ಕುರ್ಚಿ, ಛತ್ರಿ ಸಾಲಾಗಿ ನಿಂತ ಮರಳಿನ ಮೇಲೆ ಬಲೆ ಎಳೆಯಲು ಆಗುವುದಿಲ್ಲ. ಹಾಗಾಗಿ ಯೋಜನೆಯ ಮೊದಲ ಸಭೆಯನ್ನು ಮೀನುಗಾರರ ಜೊತೆ ಆ ದಂಡೆಯ ಮೇಲೆಯೇ ನಡೆಸಿ. ಎಲ್ಲಿ ಬಲೆ ಬರುತ್ತದೆ, ಯಾವ ತಿಂಗಳಲ್ಲಿ ಎಲ್ಲಿ ದೋಣಿ ನಿಲ್ಲುತ್ತದೆ ಎಂಬುದನ್ನು ಅವರಿಂದ ಗುರುತು ಮಾಡಿಸಿಕೊಂಡು, ಉಳಿದ ಜಾಗದಲ್ಲಿ ನಮ್ಮಂಥವರಿಗೆ ಎಡೆ ಮಾಡಿಕೊಡಿ. ನಾವು ಅವರ ಅಂಗಳಕ್ಕೆ ಹೋಗುವ ನೆಂಟರು.

ಇನ್ನು ಹೆಂಗಸರ ವಿಷಯ. ನಮ್ಮ ಅತ್ತೆಯವರಿಗೆ ಎಪ್ಪತ್ತು ದಾಟಿದೆ, ಸಕ್ಕರೆ ಕಾಯಿಲೆಯಿದೆ. ಕಡಲಿಗೆ ಹೊರಡುವ ದಿನ ಅವರು ಬೆಳಗಿನಿಂದ ನೀರು ಕುಡಿಯುವುದಿಲ್ಲ. ಕೇಳಿದರೆ "ಅಲ್ಲಿ ಎಲ್ಲಿಗೆ ಹೋಗುವುದು?" ಎನ್ನುತ್ತಾರೆ. ಉರಿಬಿಸಿಲಿನ ಮಾರ್ಚ್ ತಿಂಗಳಲ್ಲಿ, ಸಕ್ಕರೆ ಕಾಯಿಲೆಯ ಮುದುಕಿ ದಿನವಿಡೀ ಬಾಯಾರಿಕೊಂಡು ಕೂರುವುದು ಎಂತಹ ಪ್ರವಾಸ? ಹೆಣ್ಣುಮಕ್ಕಳು ಒದ್ದೆ ಬಟ್ಟೆ ಬದಲಿಸಬೇಕೆಂದರೆ ಕಾರಿನ ಎರಡು ಬಾಗಿಲು ತೆರೆದು ನಡುವೆ ಸೀರೆ ಅಡ್ಡ ಹಿಡಿಯುತ್ತೇವೆ. ಕಾರಿಲ್ಲದೆ ಬಸ್ಸಿನಲ್ಲಿ ಬಂದವರಿಗೆ ಅದೂ ಇಲ್ಲ. ಒಮ್ಮೆ ಮೈಮೇಲಿನ ಉಪ್ಪು ತೊಳೆದುಕೊಳ್ಳಲು ದಂಡೆಯ ಪಕ್ಕದ ಮನೆಯ ತಾಯಿಯೊಬ್ಬರು ತಮ್ಮ ಬಾವಿಯಿಂದ ತಾವೇ ಕೊಡ ಕೊಡ ನೀರು ಸೇದಿ ಕೊಟ್ಟರು. ಹಣ ಕೊಟ್ಟರೆ ಮುಟ್ಟಲಿಲ್ಲ. ಎಲ್ಲ ಪ್ರವಾಸಿಗರೂ ಅವರ ಬಾವಿಗೇ ಹೋದರೆ ಆ ಬಾವಿ ಎಷ್ಟು ದಿನ ಉಳಿದೀತು? ಕಡಲಂಚಿನ ಬಾವಿಗಳಲ್ಲಿ ಅತಿಯಾಗಿ ನೀರೆತ್ತಿದರೆ ಉಪ್ಪುನೀರು ಒಳನುಗ್ಗುತ್ತದೆ. ಆ ಮನೆಯವರಿಗೆ ಕುಡಿಯಲು ಇರುವುದೂ ಅದೇ ನೀರು.

ಶೌಚಾಲಯ, ಬಟ್ಟೆ ಬದಲಿಸುವ ಕೋಣೆ, ಮೈ ತೊಳೆಯುವ ನಲ್ಲಿ, ಇವು ಬೇಕು. ಕಾನೂನು ಅಡ್ಡಿ ಎಂದು ಯಾರೂ ಹೇಳುವಂತಿಲ್ಲ. 2019ರ ಕರಾವಳಿ ನಿಯಂತ್ರಣ ವಲಯ ಅಧಿಸೂಚನೆಯೇ ಇಂತಹ ತಾತ್ಕಾಲಿಕ ಸೌಲಭ್ಯಗಳಿಗೆ, ಉಬ್ಬರದ ಗೆರೆಯಿಂದ ಕನಿಷ್ಠ 10 ಮೀಟರ್ ದೂರದಲ್ಲಿ, ಅವಕಾಶ ಕೊಟ್ಟಿದೆ. ಕಾಂಕ್ರೀಟ್ ಕಟ್ಟಡ ಕಟ್ಟಿ, ಉದ್ಘಾಟನೆ ಮಾಡಿ, ಆರು ತಿಂಗಳಲ್ಲಿ ಬೀಗ ಜಡಿಯುವುದು ಬೇಡ. ಸ್ಥಳೀಯ ಸ್ವಸಹಾಯ ಸಂಘದ ಮಹಿಳೆಯರಿಗೆ ನಿರ್ವಹಣೆ ವಹಿಸಿ, ನಾವು ಹಣ ಕೊಟ್ಟೇ ಬಳಸುತ್ತೇವೆ. 2020ರಲ್ಲಿ ನಮ್ಮ ಹೊನ್ನಾವರದ ಬಳಿಯ ಕಾಸರಕೋಡು ಮತ್ತು ಉಡುಪಿ ಜಿಲ್ಲೆಯ ಪಡುಬಿದ್ರಿ ದಂಡೆಗಳಿಗೆ ಬ್ಲೂ ಫ್ಲ್ಯಾಗ್ ಮಾನ್ಯತೆ ಸಿಕ್ಕಿತು. ಶುಚಿಯಾದ ನೀರು, ಶೌಚಾಲಯ, ಜೀವರಕ್ಷಕರು ಇದ್ದರೇ ಸಿಗುವ ಮಾನ್ಯತೆ ಅದು. ಹಾಗಾದರೆ ಇದೇ ಕರಾವಳಿಯಲ್ಲಿ ಇವೆಲ್ಲ ಸಾಧ್ಯ ಎಂದಾಯಿತು. ಪ್ರತಿ ದಂಡೆಗೂ ಅಂತಹ ಬಾವುಟ ಬೇಕಿಲ್ಲ, ಅದರ ಹಿಂದಿನ ಮೂಲಭೂತ ಏರ್ಪಾಡು ಸಾಕು.

ಎಲ್ಲಕ್ಕಿಂತ ಹೆಚ್ಚಾಗಿ ನನ್ನನ್ನು ಕಾಡುವುದು ಜೀವದ ಪ್ರಶ್ನೆ. 2024ರ ಡಿಸೆಂಬರ್‌ನಲ್ಲಿ ಶಾಲಾ ಪ್ರವಾಸಕ್ಕೆಂದು ಮುರ್ಡೇಶ್ವರಕ್ಕೆ ಬಂದಿದ್ದ ಕೋಲಾರ ಜಿಲ್ಲೆಯ ನಾಲ್ವರು ವಿದ್ಯಾರ್ಥಿನಿಯರು ಕಡಲಿನಲ್ಲಿ ಮುಳುಗಿ ತೀರಿಕೊಂಡರು. ಮಕ್ಕಳನ್ನು ಪ್ರವಾಸಕ್ಕೆ ಕರೆದೊಯ್ಯುವ ಶಿಕ್ಷಕಿಯಾಗಿ ಆ ಸುದ್ದಿ ಓದಿದ ರಾತ್ರಿ ನನಗೆ ನಿದ್ದೆ ಬರಲಿಲ್ಲ. ಹೆಸರುವಾಸಿಯಾದ, ಜನ ತುಂಬಿರುವ ದಂಡೆಯಲ್ಲೇ ಹೀಗಾದರೆ ಯಾರೂ ಇಲ್ಲದ ದಂಡೆಯ ಗತಿಯೇನು?

ನಮ್ಮ ಮಲೆನಾಡಿನವರಿಗೆ ಇದರಲ್ಲಿ ಅಪಾಯ ಹೆಚ್ಚು. ತುಂಗೆಯಲ್ಲೋ ಹಿನ್ನೀರಿನಲ್ಲೋ ಈಜಿ ಬೆಳೆದ ಹುಡುಗರು ತಮಗೆ ನೀರು ಗೊತ್ತು ಎಂದುಕೊಳ್ಳುತ್ತಾರೆ. ಕಡಲ ನೀರಿನ ಲೆಕ್ಕವೇ ಬೇರೆ. ದಡಕ್ಕೆ ಬಂದ ಅಲೆಗಳ ನೀರು ಹಿಂತಿರುಗಬೇಕಲ್ಲ, ಅದು ಮರಳಿನ ದಿಬ್ಬದಲ್ಲಿ ಎಲ್ಲಿ ತಗ್ಗು ಸಿಕ್ಕಿತೋ ಅಲ್ಲಿಂದ ಒಟ್ಟಾಗಿ, ರಭಸವಾಗಿ ಒಳಕ್ಕೆ ಹರಿಯುತ್ತದೆ. ಆ ಜಾಗದಲ್ಲಿ ಅಲೆ ಒಡೆಯುವುದು ಕಡಿಮೆ, ನೀರು ಸ್ವಲ್ಪ ಕಪ್ಪಾಗಿ, ಶಾಂತವಾಗಿ ಕಾಣುತ್ತದೆ. ಅಲೆಗೆ ಹೆದರುವ ಹೊಸಬರು ಸಮಾಧಾನದ ಜಾಗವೆಂದು ಅಲ್ಲಿಗೇ ಇಳಿಯುತ್ತಾರೆ. ಸೆಳೆತಕ್ಕೆ ಸಿಕ್ಕಿದವನು ದಡದ ಕಡೆಗೆ ನೇರವಾಗಿ ಈಜಿ ಈಜಿ ಸೋಲುತ್ತಾನೆ. ದಡಕ್ಕೆ ಸಮಾನಾಂತರವಾಗಿ ಪಕ್ಕಕ್ಕೆ ಈಜಿ ಸೆಳೆತದಿಂದ ಹೊರಬಿದ್ದು, ಆಮೇಲೆ ದಡದತ್ತ ತಿರುಗಬೇಕು ಎಂಬ ಒಂದು ಮಾತು ಗೊತ್ತಿದ್ದರೆ ಎಷ್ಟೋ ಜೀವಗಳು ಉಳಿಯುತ್ತವೆ. ನದಿ ಕಡಲು ಸೇರುವ ಅಳಿವೆಗಳು ಇನ್ನೂ ಕಷ್ಟ. ಸೋಮೇಶ್ವರದ ಬಳಿ ಸುಮನಾ ನದಿ ಕಡಲು ಸೇರುವ ಕಡೆ ನೋಡಲು ಬಲು ಚೆಂದ. ಆದರೆ ಯಾವ ಅಳಿವೆಯಲ್ಲೂ ನಿನ್ನೆ ಮೊಣಕಾಲುದ್ದ ನೀರಿದ್ದ ಕಡೆ ಇಂದು ಮರಳು ಸರಿದು ಆಳವಾಗಿರಬಹುದು, ಇಳಿತದ ಹೊತ್ತಿನಲ್ಲಿ ನದಿಯ ನೀರೂ ಸೇರಿ ಕಡಲ ಕಡೆಗೆ ಎಳೆಯುತ್ತದೆ.

ಆದ್ದರಿಂದ ಜನ ಇಳಿಯುವ ಪ್ರತಿ ದಂಡೆಗೂ ತರಬೇತಾದ ಜೀವರಕ್ಷಕರನ್ನು ನೇಮಿಸಿ. ಆ ಊರಿನ ಮೀನುಗಾರ ಯುವಕರಿಗಿಂತ ಯೋಗ್ಯರು ನಿಮಗೆ ಎಲ್ಲೂ ಸಿಗುವುದಿಲ್ಲ. ಯಾವ ತಿಂಗಳಲ್ಲಿ ಮರಳು ಎತ್ತ ಸರಿಯುತ್ತದೆ ಎಂಬುದು ಅವರಿಗೆ ಕರತಲಾಮಲಕ. ಅವರಿಗೆ ಪ್ರಥಮ ಚಿಕಿತ್ಸೆಯ ತರಬೇತಿ, ಉಪಕರಣ, ತಿಂಗಳು ತಿಂಗಳು ತಪ್ಪದ ಸಂಬಳ ಕೊಡಿ. ಉಬ್ಬರ ಇಳಿತದ ಹೊತ್ತು ದಿನವೂ ಸುಮಾರು 50 ನಿಮಿಷ ಮುಂದೆ ಹೋಗುತ್ತದೆ. ಆ ದಿನದ ಸಮಯವನ್ನು ಬರೆಯುವ ಒಂದು ಕರಿಹಲಗೆ ದಂಡೆಯ ದಾರಿಯಲ್ಲಿರಲಿ. "ಸಮುದ್ರಕ್ಕೆ ಇಳಿಯಬಾರದು" ಎಂಬ ತುಕ್ಕು ಹಿಡಿದ ಫಲಕವನ್ನು ಯಾರೂ ಓದುವುದಿಲ್ಲ. ಎಲ್ಲಿ ಇಳಿಯಬಹುದು, ಎಲ್ಲಿ ಬೇಡ, ಏಕೆ ಬೇಡ ಎಂದು ಚಿತ್ರ ಸಹಿತ ಬರೆಯಿಸಿ. ಅದೇ ಫಲಕ ಸಾಗರದ ಬಸ್ ನಿಲ್ದಾಣದಲ್ಲಿ, ಸಿಗಂದೂರಿನಲ್ಲಿ, ಕೊಲ್ಲೂರಿನಲ್ಲಿ ಇರಲಿ. ಹೊರಡುವ ಮೊದಲೇ ಜನರಿಗೆ ತಿಳಿಯಬೇಕು. ಪ್ರವಾಸಿ ಶಿವಮೊಗ್ಗ ಜಿಲ್ಲೆಯವನು, ಕಡಲು ಉಡುಪಿ ಜಿಲ್ಲೆಯದು ಎಂದು ಈ ಕೆಲಸ ಎರಡೂ ಕಡತಗಳ ನಡುವೆ ಬಿದ್ದುಹೋಗಬಾರದು. ಇಬ್ಬರು ಜಿಲ್ಲಾಧಿಕಾರಿಗಳನ್ನೂ ಒಟ್ಟಿಗೆ ಸಂಬೋಧಿಸಿದ್ದು ಇದಕ್ಕಾಗಿಯೇ.

ಈಗ ಆಗಬಾರದ್ದರ ಬಗ್ಗೆ. ದಂಡೆಯೊಂದಕ್ಕೆ ಅನುದಾನ ಬಂದರೆ ಮೊದಲು ಏಳುವುದು ಹೈಮಾಸ್ಟ್ ದೀಪ. ದಯವಿಟ್ಟು ಅದನ್ನು ಅಲ್ಲಿ ನಿಲ್ಲಿಸಬೇಡಿ. ನಮ್ಮ ಕರಾವಳಿಯ ಮರಳಿನಲ್ಲಿ ಚಳಿಗಾಲದ ತಿಂಗಳುಗಳಲ್ಲಿ ಕಡಲಾಮೆಗಳು ಬಂದು ಮೊಟ್ಟೆಯಿಡುತ್ತವೆ. ಒಂದು ಗುಂಡಿಯಲ್ಲಿ ನೂರರ ಆಸುಪಾಸು ಮೊಟ್ಟೆ. ಒಂದೂವರೆ, ಎರಡು ತಿಂಗಳಲ್ಲಿ ಒಡೆದ ಮರಿಗಳು ರಾತ್ರಿ ಹೊತ್ತು ಬೆಳಕು ಹೆಚ್ಚಿರುವ ದಿಕ್ಕಿಗೆ ಹೊರಡುತ್ತವೆ. ಕತ್ತಲ ದಂಡೆಯಲ್ಲಿ ಆ ಬೆಳಕು ಕಡಲಿನದು. ದೀಪವಿದ್ದರೆ ಅವು ರಸ್ತೆಯ ಕಡೆ ತೆವಳಿ ಸಾಯುತ್ತವೆ. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ಮೊದಲ ಪರಿಶಿಷ್ಟದಲ್ಲಿರುವ ಜೀವಿ ಅದು. ದಾರಿಗೆ ಬೆಳಕು ಬೇಕಾದರೆ ನೆಲದ ಕಡೆಗೆ ಮಾತ್ರ ಬೀಳುವ, ಕೆಳಮಟ್ಟದ ದೀಪಗಳಿರಲಿ. ವಾಹನಗಳನ್ನು ಮರಳಿಗೆ ಇಳಿಸಲು ಬಿಡಬೇಡಿ. ಚಕ್ರದಡಿ ಮೊಟ್ಟೆಯೂ ಉಳಿಯುವುದಿಲ್ಲ, ಮರಳನ್ನು ಹಿಡಿದಿಡುವ ಆ ನೇರಳೆ ಹೂವಿನ ಬಳ್ಳಿಯೂ ಉಳಿಯುವುದಿಲ್ಲ.

ಒತ್ತಿನೆಣೆಯಲ್ಲಿ ಹೆದ್ದಾರಿ ಅಗಲಿಸಲು ಗುಡ್ಡ ಕಡಿದ ಮೇಲೆ ಮಳೆಗಾಲದಲ್ಲಿ ಮಣ್ಣು ಜರಿದದ್ದನ್ನು ಆ ದಾರಿಯಲ್ಲಿ ಓಡಾಡಿದವರೆಲ್ಲ ನೋಡಿದ್ದಾರೆ. ಕಡಲಿಗೆ ಮುಖ ಮಾಡಿದ ಆ ಗುಡ್ಡಗಳ ಮೇಲೆ ಇನ್ನೂ ಕಟ್ಟಡಗಳು ಬೇಕೇ? 2019ರ ಅಧಿಸೂಚನೆ ಗ್ರಾಮೀಣ ಕರಾವಳಿಯನ್ನು ಎರಡು ಬಗೆಯಾಗಿ ಮಾಡಿತು. 2011ರ ಜನಗಣತಿಯಂತೆ ಚದರ ಕಿಲೋಮೀಟರಿಗೆ 2161ಕ್ಕಿಂತ ಹೆಚ್ಚು ಜನರಿರುವ ಕಡೆ ನಿರ್ಮಾಣ ನಿಷಿದ್ಧ ಪಟ್ಟಿಯನ್ನು ಉಬ್ಬರದ ಗೆರೆಯಿಂದ 50 ಮೀಟರಿಗೆ ಇಳಿಸಿತು. ಉಳಿದೆಡೆ ಹಿಂದಿನ 200 ಮೀಟರ್ ಹಾಗೆಯೇ ಇದೆ. ಯಾವ ಗ್ರಾಮ ಯಾವ ಬಗೆಗೆ ಸೇರುತ್ತದೆ ಎಂಬುದನ್ನು ಗ್ರಾಮ ಪಂಚಾಯಿತಿ ಕಚೇರಿಯ ಗೋಡೆಯ ಮೇಲೆ ನಕ್ಷೆ ಸಮೇತ ಹಾಕಿ. ಸೇತುವೆ ಬಂದ ಮೇಲೆ ಕಡಲಂಚಿನ ಜಾಗ ಕೇಳಿಕೊಂಡು ಬರುವವರು ಹೆಚ್ಚಾಗಿದ್ದಾರೆ ಎಂದು ಅಲ್ಲಿನವರು ಹೇಳುತ್ತಾರೆ. ಮಾರುವ ಮೊದಲು ಅವರಿಗೆ ತಮ್ಮ ನೆಲದ ಕಾನೂನು ಗೊತ್ತಿರಬೇಕು. ಉಳಿದುಕೊಳ್ಳಲು ಬರುವವರಿಗೆ ಮೀನುಗಾರರ, ರೈತರ ಮನೆಗಳಲ್ಲೇ ನೋಂದಾಯಿತ ಹೋಂಸ್ಟೇ ಆಗಲಿ. ಬಂದ ಹಣ ಊರಿನಲ್ಲೇ ಉಳಿಯುತ್ತದೆ, ಊರಿನವರ ಕಣ್ಣೂ ದಂಡೆಯ ಮೇಲಿರುತ್ತದೆ.

ಮಲೆನಾಡಿನವರು ಈ ಮಾತನ್ನು ಅಧಿಕಾರದಿಂದ ಹೇಳಬಲ್ಲೆವು. ಆಗುಂಬೆಯ ಸೂರ್ಯಾಸ್ತದ ಕಟ್ಟೆಯ ಸುತ್ತ ರಜಾದಿನ ಬಿದ್ದಿರುವ ಬಾಟಲಿಗಳನ್ನು, ಕೊಡಚಾದ್ರಿಯ ಜೀಪು ದಾರಿಯ ಕೊರಕಲನ್ನು ನೋಡಿದವರು ನಾವು. ಜನ ಬಂದ ಮೇಲೆ ನಿಯಮ ಮಾಡಲು ಹೊರಟರೆ ಆಗಲೇ ಕಾಲ ಮಿಂಚಿರುತ್ತದೆ.

ಬಸ್ಸಿನ ಬಗ್ಗೆಯೂ ಹೇಳಬೇಕು. ಸಾಗರದಿಂದ ಬೆಳಿಗ್ಗೆ ಹೊರಟು, ಸೇತುವೆ, ಸಿಗಂದೂರು, ಕೊಲ್ಲೂರು ಮಾರ್ಗವಾಗಿ ಬೈಂದೂರು ತಲುಪಿ, ಸಂಜೆ ಅದೇ ದಾರಿಯಲ್ಲಿ ಮರಳುವ ಸರ್ಕಾರಿ ಬಸ್ಸು ದಿನವೂ ಬೇಕು. 2023ರ ಜೂನ್‌ನಲ್ಲಿ ಸರ್ಕಾರಿ ಬಸ್ಸುಗಳಲ್ಲಿ ಹೆಂಗಸರಿಗೆ ಉಚಿತ ಪ್ರಯಾಣದ ಶಕ್ತಿ ಯೋಜನೆ ಬಂದಾಗ ರಾಜ್ಯದ ಹೆಂಗಸರೆಲ್ಲ ಊರೂರು ಸುತ್ತಿದರು. ಖಾಸಗಿ ಬಸ್ಸುಗಳನ್ನೇ ನೆಚ್ಚಿಕೊಂಡ ಮಲೆನಾಡು ಮತ್ತು ಕರಾವಳಿಯ ಹೆಂಗಸರಿಗೆ ಅದರ ಲಾಭ ಸಿಕ್ಕಿದ್ದು ಕಡಿಮೆ. ತೋಟದ ಕೂಲಿಗೆ ಹೋಗುವ, ಕಡಲನ್ನು ಒಮ್ಮೆಯೂ ನೋಡಿರದ ಹೆಂಗಸರು ನಮ್ಮೂರಿನಲ್ಲಿದ್ದಾರೆ. ತಾಳಗುಪ್ಪದಿಂದ ಹೊನ್ನಾವರಕ್ಕೆ ರೈಲು ಎಂಬ ಬೇಡಿಕೆಯನ್ನು ಕೇಳುತ್ತಲೇ ನಾವು ಬೆಳೆದಿದ್ದೇವೆ, ಅದು ಎಂದು ಬರುವುದೋ. ಬಸ್ಸೊಂದನ್ನು ಬಿಡಲು ಬೆಟ್ಟ ಕೊರೆಯಬೇಕಿಲ್ಲ. ಬಸ್ಸು ಬಂದರೆ ಮರಳಿನ ಬಳಿ ನಿಲ್ಲುವ ಕಾರುಗಳೂ ಕಡಿಮೆಯಾಗುತ್ತವೆ.

ನನ್ನ ಜಿಲ್ಲೆಯವರಿಗೂ ಒಂದು ಮಾತಿದೆ. ನಾಗೋಡಿಯ ಘಾಟಿ ಮೂಕಾಂಬಿಕಾ ವನ್ಯಜೀವಿಧಾಮದ ಕಾಡು. ಊಟದ ಪೊಟ್ಟಣವನ್ನು ಅಲ್ಲಿ ಎಸೆದು ಹೋಗುತ್ತಿರುವವರಲ್ಲಿ ನಮ್ಮವರೂ ಇದ್ದಾರೆ. ತಂದ ಕಸವನ್ನು ಅದೇ ಚೀಲದಲ್ಲಿ ಮನೆಗೆ ಒಯ್ಯಿರಿ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ನೀರಿಗೆ ಇಳಿಯಲೇಬೇಡಿ. ಬಲೆ ಎಳೆಯುವವರ ಚಿತ್ರ ತೆಗೆಯುವ ಮೊದಲು ಅವರನ್ನು ಕೇಳಿ. ದಂಡೆಯ ಗುರುತನ್ನು ಮೊಬೈಲ್‌ನಲ್ಲಿ ಊರಿಗೆಲ್ಲ ಹಂಚಬೇಡಿ.

ಮಾನ್ಯರೇ, ಈ ಸಾಲಿನ ಕೊನೆಕೊಯ್ಲು ಮುಗಿಯುವಷ್ಟರಲ್ಲಿ ಜೀವರಕ್ಷಕರ ನೇಮಕ ಮತ್ತು ಹೆಂಗಸರ ಶೌಚಾಲಯ, ಇವೆರಡಾದರೂ ಆಗಲಿ. ಉಳಿದದ್ದಕ್ಕೆ ಮೀನುಗಾರರ ಜೊತೆಗಿನ ಸಭೆಯ ದಿನಾಂಕವನ್ನು ಪ್ರಕಟಿಸಿ. ದಂಡೆಗೆ ಬರುವ ಮಲೆನಾಡಿನ ಹೆಂಗಸರ ಪರವಾಗಿ ಮಾತಾಡಲು ಒಬ್ಬರು ಬೇಕೆಂದರೆ ನಾನು ನನ್ನ ಖರ್ಚಿನಲ್ಲಿ ಬೈಂದೂರಿಗೆ ಬರುತ್ತೇನೆ.

ಇತಿ,
ಸಾಗರ ತಾಲ್ಲೂಕಿನ ಒಬ್ಬ ಶಿಕ್ಷಕಿ